ಉದ್ದೇಶವಿಲ್ಲದೆ ಬಂದವಳಲ್ಲ

"ಎಂತ ಬೇಕು? ನಮಗೆ ಯಾರ ಪ್ರಾರ್ಥನೆಯೂ ಬೇಡ. ಮುಂದಿನ ಮನೆಗೆ ಹೋಗಿ!"

ಜೆಸಿಂತಾ ಗಕ್ಕನೆ ನಿಂತಳು. ಸಿದ್ದಾಪುರದ ಚರ್ಚಿನ ಯುವಕರ ಗುಂಪು ಭಾನುವಾರ ಮಧ್ಯಾಹ್ನ ಬೀದಿ ಸುತ್ತಿ, ಗುರುತಿಲ್ಲದವರ ಕಷ್ಟಸುಖ ವಿಚಾರಿಸುತ್ತಿತ್ತು. ಅವಳಿಗಿದು ಮೊದಲ ಸಲ. ಮೊದಲ ಬಾಗಿಲಲ್ಲೇ ಹೀಗೆ!

"ಪ್ರಾರ್ಥನೆಗಲ್ಲ... ಸುಮ್ಮನೆ ಮಾತಾಡಿಸ್ಕೊಂಡು ಹೋಗೋಣ ಅಂತ..."

"ಗುರುತಿಲ್ಲದವರನ್ನ ಸುಮ್ಮನೆ ಯಾರು ಮಾತಾಡಿಸ್ತಾರೆ?"

ಒಳಗಿನಿಂದ ಕ್ಷೀಣವಾದ ದನಿ ಬಂತು. "ಯಾರದು, ಪ್ರಜ್ಞೇಶಾ? ಮನೇಲಿ ಹೆಣ್ಣುಮಗಳ ದನಿ ಕೇಳಿ ಎಷ್ಟು ಕಾಲ ಆಯ್ತು... ಒಳಗೆ ಕರಿಯೋ."

ಅದು ಬಾಗಿಲಲ್ಲಿ ನಿಂತವನ ತಾಯಿ ಗಂಗಮ್ಮ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಎಸ್ಟೇಟಿಗೆ ಆಳುಗಳನ್ನು ಜೀಪಿನಲ್ಲಿ ಬಿಟ್ಟುಬರುವ ಮಗನದೇ ಅಡುಗೆ, ಅವನದೇ ಆರೈಕೆ. ಜೆಸಿಂತಾ ಅವರ ಗಂಟುಕಟ್ಟಿದ ಕೂದಲು ಬಿಡಿಸಿ ಬಾಚಿದಳು. ಪ್ರಜ್ಞೇಶ್ ಕೈಕಟ್ಟಿ ಕಾವಲು ನಿಂತ.

ಮುಂದಿನ ಭಾನುವಾರವೂ ಹೋದಳು. ಅದರ ಮುಂದಿನದೂ. ಕಾವಲಿಗೆ ನಿಂತವನು ಒಂದು ದಿನ ಕಾಫಿ ತಂದಿಟ್ಟ. ಇನ್ನೊಂದು ದಿನ ಅಮ್ಮನ ಮಾತಿಗೆ ನಕ್ಕುಬಿಟ್ಟ. ಆ ನಗು ಜೆಸಿಂತಾಳ ಹಿಂದೆಯೇ ಬಂತು... ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವಾಗಲೂ ಬಿಡಲಿಲ್ಲ.

'ನಾನು ಹೋಗ್ತಿರೋದು ಗಂಗಮ್ಮನಿಗಾಗಿಯಾ?'

ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು.

ಒಂದು ಭಾನುವಾರ ಗಂಗಮ್ಮನೇ ಅವಳ ಕೈಹಿಡಿದರು. "ನನ್ನ ವಿಷಯ ನಿಮ್ಮ ದೇವರ ಹತ್ರ ಒಂದು ಮಾತು ಹೇಳಮ್ಮ."

ಜೆಸಿಂತಾ ಕಣ್ಣು ಮುಚ್ಚಿದ್ದಷ್ಟೇ. ಪ್ರಜ್ಞೇಶ್ ಸಿಡಿದ.

"ಕೊನೆಗೂ ಇಲ್ಲಿಗೇ ಬಂತಲ್ಲ! ನಿಜ ಹೇಳಿ, ನೀವು ಬೇರೆ ಉದ್ದೇಶ ಇಟ್ಕೊಂಡು ತಾನೇ ಬರೋದು?"

'ಇಲ್ಲ' ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಬೇರೆ ಉದ್ದೇಶ ಇತ್ತಲ್ಲ... ಅದು ಅವನೇ ಅಲ್ಲವೇ! ತಲೆ ತಗ್ಗಿಸಿ ಎದ್ದು ಬಂದುಬಿಟ್ಟಳು.

ಆಮೇಲೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಭಾನುವಾರ ತಲೆನೋವೆಂದು ಮನೆಯಲ್ಲೇ ಉಳಿದಳು. ತನ್ನ ಮೌನವನ್ನು ಅವನು ಹೌದೆಂದೇ ತಿಳಿದಿರುತ್ತಾನೆ. ಗುಂಪಿನವರೆಲ್ಲ ಮೋಸಗಾರರು ಅಂದುಕೊಂಡಿರುತ್ತಾನೆ. ನನ್ನೊಬ್ಬಳಿಂದ ಎಲ್ಲರಿಗೂ ಕೆಟ್ಟ ಹೆಸರು! ಛೆ...

ಬುಧವಾರ ತಡೆಯಲಾಗಲಿಲ್ಲ. ಕೆಲಸ ಅರ್ಧಕ್ಕೇ ಬಿಟ್ಟು, ಒಬ್ಬಳೇ ಹೋಗಿ ಬಾಗಿಲು ತಟ್ಟಿದಳು. ತೆರೆದವನ ಕಣ್ಣು ಕೆಂಪಗಿತ್ತು.

"ಒಂದು ಮಾತು ಹೇಳಿ ಹೋಗ್ತೀನಿ. ನಮ್ಮ ಗುಂಪಿನವರು ಯಾರಿಗೂ ಮೋಸ ಮಾಡೋಕೆ ಬರಲ್ಲ. ಬೇರೆ ಉದ್ದೇಶ ಇದ್ದಿದ್ದು ನನಗೊಬ್ಬಳಿಗೇ." ಉಸಿರೆಳೆದುಕೊಂಡಳು. "ಅಮ್ಮನ ನೆಪದಲ್ಲಿ ನಿಮ್ಮನ್ನ ನೋಡೋಕೆ ಬರ್ತಿದ್ದೆ. ಈಗ ಬೈಯಿರಿ!"

ಹೇಳಿ ತಿರುಗಿದಳು.

"ನಿಲ್ಲಿ!" ಅವನು ಹೊಸ್ತಿಲು ದಾಟಿ ಬಂದ. "ಭಾನುವಾರ ಸಂತೆ ದಿನದ ಜೀಪ್ ಬಾಡಿಗೆ ಬಿಟ್ಟು ಮನೇಲಿ ಇರ್ತಿದ್ದೆನಲ್ಲ, ಯಾರಿಗೋಸ್ಕರ ಅಂದ್ಕೊಂಡ್ರಿ? ನೀವು ಬರೋದು ಬರೀ ಧರ್ಮದ ಕೆಲಸಕ್ಕೆ, ನಾನೇ ಮರುಳ ಅನ್ನಿಸ್ತು ಆವತ್ತು. ಅದಕ್ಕೇ ಕೂಗಾಡಿದೆ... ತಪ್ಪಾಯ್ತು. ಅಮ್ಮ ನನ್ನ ಹತ್ರ ಮಾತೇ ಬಿಟ್ಟಿದ್ದಾರೆ."

ಜೆಸಿಂತಾಳ ಕಣ್ಣು ತುಂಬಿ ಬಂತು. ಆದರೂ ಹೇಳಬೇಕಾದದ್ದನ್ನು ಹೇಳಿಯೇಬಿಟ್ಟಳು.

"ನಾನು ಚರ್ಚ್ ಬಿಡಲ್ಲ, ಪ್ರಜ್ಞೇಶ್."

"ಬಿಡಿ ಅಂತ ಕೇಳಲ್ಲ. ನಾನೂ ನಮ್ಮ ದೇವರನ್ನ ಬಿಡಲ್ಲ."

"ನಮ್ಮಪ್ಪ ಸುಲಭಕ್ಕೆ ಒಪ್ಪಲ್ಲ..."

"ನಮ್ಮ ಕಡೆಯವರೂ ಅಷ್ಟೇ. ಇಬ್ರೂ ಸೇರಿ ಬೈಸ್ಕೊಳ್ಳೋಣ. ನಿಮ್ಮಪ್ಪನ ಹತ್ರ ಯಾವಾಗ ಮಾತಾಡ್ಲಿ?"

"ಮೊದಲು ನನ್ನ ಹತ್ರ ಸರಿಯಾಗಿ ಮಾತಾಡಿ. ಈ 'ನೀವು' ಬಿಟ್ಟು..."

ಅವನು ತೊದಲಿದ. "ಜೆಸಿಂತಾ... ಒಳಗೆ ಬಾ."

"ಬರ್ತೀನಿ. ಅಮ್ಮನಿಗೆ ಏನಂತ ಹೇಳ್ತೀಯಾ?"

"ಏನೂ ಹೇಳಲ್ಲ." ಅವನು ಮೆಲ್ಲಗೆ ಕೈ ಚಾಚಿದ. "ಹೀಗೇ ಕೈ ಹಿಡ್ಕೊಂಡು ಹೋಗಿ ನಿಂತ್ಕೋತೀನಿ."