ಡಿಕ್ರಿಯಪ್ಪನ ಜಪ್ತಿ

"ಅವನು ಬಂದಾಗ ಬೈಯಿ, ಮುಖದ ಮೇಲೆ ಬಾಗಿಲು ಹಾಕು. ಆದ್ರೆ 'ತಗೊಂಡು ಹೋಗಿ' ಅಂತ ಮಾತ್ರ ಬಾಯಿ ತಪ್ಪಿಯೂ ಅನ್ಬೇಡ ಕಣೇ."

ಕೆಳಮನೆಯ ನರ್ಸಮ್ಮ ಈ ಮಾತು ಹೇಳಿದ್ದು ಮೆಟ್ಟಿಲ ತಿರುವಿನಲ್ಲಿ, ಬೇಕರಿಯವಳ ಮೊಣಕೈ ಹಿಡಿದು ನಿಲ್ಲಿಸಿ. ಆ ಮುದುಕಿಯ ಬೆರಳುಗಳು ತಣ್ಣಗಿದ್ದವು. ಬೇಕರಿಯವಳು ಆ ಕಟ್ಟಡಕ್ಕೆ ಬಾಡಿಗೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅಷ್ಟರಲ್ಲೇ ಅವಳ ಮೇಲೆ ಕೋರ್ಟಿನ ಡಿಕ್ರಿ, ಸಾಲ ತೀರಿಸಬೇಕೆಂಬ ತೀರ್ಪು, ಇದೆ ಎಂಬ ಸುದ್ದಿ ಮೂರೂ ಅಂತಸ್ತಿನ ಬಾಯಿಗೆ ಬಿದ್ದಿತ್ತು. ಆ ಡಿಕ್ರಿಯನ್ನು ಅವಳಿಗೆ ಕಂತಿನ ಸಾಲ ಕೊಟ್ಟಿದ್ದ ಕಂಪನಿಯಿಂದ ಅಗ್ಗಕ್ಕೆ ಕೊಂಡವನು ಡಿಕ್ರಿಯಪ್ಪ ಎಂಬುದು ನರ್ಸಮ್ಮನಿಗೆ ಗೊತ್ತಾಗಿತ್ತು. ಅವನ ನಿಜ ಹೆಸರು ಯಾರಿಗೂ ತಿಳಿಯದು. ಯಾರೂ ವಸೂಲು ಮಾಡಲಾಗದೆ ಕೈಬಿಟ್ಟ ತೀರ್ಪುಗಳನ್ನು ಕೊಂಡು ಅವನು ಬದುಕುತ್ತಿದ್ದ. ಅವನು ಜಪ್ತಿ ಮಾಡುವುದು ಮಂಚ ಕುರ್ಚಿಗಳನ್ನಲ್ಲ ಎಂದಳು ನರ್ಸಮ್ಮ. ಮಾಟ ಬಲ್ಲವನು. ಡಿಕ್ರಿ ಕೈಯಲ್ಲಿದ್ದರೆ ಮನುಷ್ಯರಿಂದಲೇ ಏನಾದರೂ ಕಿತ್ತುಕೊಳ್ಳುತ್ತಾನೆ. ಹಾಗೆ ಕದ್ದದ್ದಾದರೆ ಎಂದಾದರೂ ಹಿಂದಿರುಗೀತು, ಬಾಯಾರೆ ಕೊಟ್ಟದ್ದು ಮಾತ್ರ ಹೋದಂತೆಯೇ.

ಬೇಕರಿಯವಳು ನಕ್ಕುಬಿಟ್ಟಳು. ಕಂತು ಕಟ್ಟದವರನ್ನು ಹೆದರಿಸಲು ಗೂಂಡಾಗಳು ಸಾಲದೆ ಈಗ ಮಾಟಗಾರರನ್ನೂ ಇಟ್ಟಿದ್ದಾರೋ ಎಂದು ಕೇಳಿ, ಹಿಟ್ಟಿನ ಧೂಳು ಮೆತ್ತಿದ ಕೈಯನ್ನು ಬಿಡಿಸಿಕೊಂಡು ಮೇಲೆ ಹತ್ತಿದಳು.

ಹೆದರಿಕೆಗಿಂತ ದೊಡ್ಡದೊಂದು ಅವಳ ಎದೆಯಲ್ಲಿ ಕೂತಿತ್ತು. ಅಮ್ಮನ ಉಸಿರು ಕಟ್ಟತೊಡಗಿದಾಗ ಅವಳು ಕಂತಿನ ಮೇಲೆ ಉಸಿರಾಟದ ಯಂತ್ರ ತಂದಿದ್ದಳು. ಆ ಯಂತ್ರ ಕೆಲವೇ ವಾರಗಳಲ್ಲಿ ಗೊರಗೊರ ಸದ್ದು ಮಾಡಿ ನಿಂತುಹೋಯಿತು. ಅದನ್ನು ಮಗುವಿನಂತೆ ಹೊತ್ತುಕೊಂಡು ಅಂಗಡಿಗೆ ಅಲೆದಳು. ಅಂಗಡಿಯವರು ಕಂಪನಿಯತ್ತ ಕೈ ತೋರಿಸಿದರು, ಕಂಪನಿಯವರು ಅಂಗಡಿಯತ್ತ. ಅಮ್ಮ ಅವಳ ತೊಡೆಯ ಮೇಲೆ, ಗಾಳಿಗಾಗಿ ಬಾಯಿ ತೆರೆದುಕೊಂಡೇ ಹೋದರು. ಅಂದಿನಿಂದ ಅವಳು ಕಂತು ಕಟ್ಟಲಿಲ್ಲ. ಆ ಮನೆಯನ್ನೂ ಬಿಟ್ಟಳು. ಕೋರ್ಟಿನ ಸಮನ್ಸು ಖಾಲಿ ಮನೆಯ ಬಾಗಿಲಿಗೆ ಅಂಟಿ, ಒಣಗಿ, ಹರಿದುಹೋಯಿತು. ಅವಳಿಲ್ಲದೆಯೇ ವಿಚಾರಣೆ ನಡೆದು ಅವಳಿಲ್ಲದೆಯೇ ತೀರ್ಪಾಯಿತು.

ಅವನು ಬಂದದ್ದು ಮಟಮಟ ಮಧ್ಯಾಹ್ನ. ಬಡಕಲು ಮನುಷ್ಯ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಬಟ್ಟೆ ಚೀಲ. ಅವನಲ್ಲಿ ಏನೋ ಸರಿಯಿಲ್ಲ ಎಂದು ಅವಳಿಗೆ ಮೊದಲು ಹೇಳಿದ್ದು ಅವಳ ಮೂಗು. ಬೀದಿಯ ತುದಿಯಲ್ಲಿ ನಿಂತೇ ಯಾವ ತಟ್ಟೆಯ ಬ್ರೆಡ್ಡು ಬೆಂದಿದೆ ಎಂದು ಹೇಳಬಲ್ಲ ಮೂಗು ಅದು. ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬಂದ ಆ ಮನುಷ್ಯನಿಗೆ ಬೆವರಿನ ವಾಸನೆಯಿರಲಿಲ್ಲ. ಬಟ್ಟೆಯ ವಾಸನೆಯಿರಲಿಲ್ಲ, ಬಾಯಿಯ ವಾಸನೆಯಿರಲಿಲ್ಲ. ತೊಳೆದು ಬೋರಲಿಟ್ಟ ಬಾಟಲಿಯಂತೆ ಖಾಲಿ.

ಅವನು ನಿಂತಲ್ಲೇ ಡಿಕ್ರಿಯನ್ನು ಒಂದೇ ರಾಗದಲ್ಲಿ ಓದಿದ. ಅಸಲು, ಬಡ್ಡಿ, ಖರ್ಚು. ಅವಳು ಯಂತ್ರದ ಕತೆ ಹೇಳಿದಳು. ನನ್ನನ್ನು ಯಾರು ಕರೆದರು, ಯಾವ ಕೋರ್ಟಿನಲ್ಲಿ ಕೇಳಿದರು ಎಂದು ದಬಾಯಿಸಿದಳು. ಅವನು ಎಲ್ಲವನ್ನೂ ಗೋಡೆಯಂತೆ ಕೇಳಿಸಿಕೊಂಡು, ಡಿಕ್ರಿ ಆಗಿದೆ, ಬೇರೆಯದು ನನಗೆ ಬೇಡ ಎಂದ. ಅವಳಿಗೆ ರೇಗಿಹೋಯಿತು. ಬಾಗಿಲನ್ನು ಪೂರಾ ತೆರೆದು ಒಳಗಿನ ಒಂದು ಮಂಚ, ಎರಡು ಕುರ್ಚಿ, ಸ್ಟೌ ತೋರಿಸಿದಳು.

"ಇಷ್ಟೇ ನನ್ನ ಐಶ್ವರ್ಯ. ನನ್ನ ಹತ್ರ ಏನಿದೆಯೋ ತಗೊಂಡು ಹೋಗಿ."

ಅವನು ಆಗ ಮೊದಲ ಸಲ ತಲೆಯೆತ್ತಿ ನೋಡಿದ. ಚೀಲದಿಂದ ಅಂಗೈಯಗಲದ ಮಣ್ಣಿನ ಕುಡಿಕೆ ತೆಗೆದು, ನೀರು ಕೇಳುವವನಂತೆ ಅವಳ ಮುಖದ ಮುಂದೆ ಹಿಡಿದ. ತುಟಿ ಅಲ್ಲಾಡಿತು. ಕುಡಿಕೆಯ ಬಾಯಿಗೆ ಬಟ್ಟೆ ಹಾಸಿ ಕಪ್ಪು ದಾರದಿಂದ ಬಿಗಿದು ಗಂಟು ಹಾಕಿದ. ಒಂದು ಕುರ್ಚಿಯನ್ನೂ ಮುಟ್ಟದೆ ಇಳಿದು ಹೋದ. ಕೆಳಗೆ ನರ್ಸಮ್ಮನ ಚಿಲಕ ಬಿದ್ದ ಸದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಬೇಕರಿಯಲ್ಲಿ ಹಿಟ್ಟಿನ ಬಾನಿಯ ಮುಚ್ಚಳ ತೆಗೆದಾಗ ಅವಳಿಗೆ ಹುದುಗಿನ ವಾಸನೆ ಬರಲಿಲ್ಲ. ಬೆಣ್ಣೆಯದೂ ಇಲ್ಲ, ಸುಟ್ಟ ಸಕ್ಕರೆಯದೂ ಇಲ್ಲ. ಶೀತವಿರಬೇಕು ಎಂದುಕೊಂಡು ಕೆಲಸಕ್ಕಿಳಿದಳು. ಬ್ರೆಡ್ಡು ಕರಕಲಾಯಿತು. ಅದಾದರೂ ಹೋಗಲಿ, ಮೂಲೆಯ ಕೊಳವೆಯಿಂದ ಗ್ಯಾಸು ಸೋರಿ ಇಡೀ ಕೋಣೆ ತುಂಬಿದ್ದಾಗ ಅವಳು ಕಡ್ಡಿ ಗೀರಲು ಹೊರಟಿದ್ದಳು. ಜೊತೆಯ ಕೆಲಸಗಾರ ಕೈಗೆ ಹೊಡೆದು ಕಡ್ಡಿಪೆಟ್ಟಿಗೆ ಬೀಳಿಸಿ ಅವಳನ್ನು ಹೊರಗೆಳೆದ. ಡಾಕ್ಟರು ಬೆಳಕು ಹಾಯಿಸಿ ನೋಡಿ, ಮೂಗು ನೆಟ್ಟಗಿದೆ ಎಂದರು.

ಆ ಸಂಜೆ ನರ್ಸಮ್ಮ ತನ್ನ ಕತೆ ಹೇಳಿದಳು. ಸೋಫಾ, ಟಿವಿಗಳ ಕಂತು ತಪ್ಪಿ ಅವಳ ಮೇಲೂ ಡಿಕ್ರಿಯಾಗಿತ್ತು. ಅವಳು 'ತಗೊಂಡು ಹೋಗಿ' ಎಂದಿರಲಿಲ್ಲ, ಆದರೂ ಅವನು ಕಣ್ಣೀರನ್ನು ಕದ್ದೊಯ್ದ. ಬೆಳೆದ ಮಗನ ಹೆಣ ಮನೆಗೆ ಬಂದಾಗ ಅವಳ ಕಣ್ಣು ಒಣ ಬಾವಿಯಂತಿತ್ತು. ಸೊಸೆ ಇವಳ ಎದೆ ಕಲ್ಲು ಎಂದು ಹೇಳಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ನರ್ಸಮ್ಮ ಅವನ ನೆಲಮಾಳಿಗೆಗೂ ಒಮ್ಮೆ ಹೋಗಿದ್ದಳು. ಅಲ್ಲಿ ಕುಡಿಕೆಗಳ ಸಾಲು ಕಣ್ಣೆದುರಿಗಿದ್ದರೂ ಅವಳ ಕೈ ಮೇಲೇಳಲಿಲ್ಲ. ತಲೆಯ ಮೇಲೆ ಡಿಕ್ರಿ ಇರುವವರ ಕೈ ಅಲ್ಲಿ ಏಳುವುದಿಲ್ಲ.

ಬೇಕರಿಯವಳು ಈ ಸಲ ನಗಲಿಲ್ಲ. ಆದರೂ ಪೂರ್ತಿ ನಂಬಲಿಲ್ಲ. ನಂಬಿಸಿದವನು ಅವನೇ.

ಅವನು ಮತ್ತೆ ಬಂದಾಗ ಮಗಳು ಗುಬ್ಬಿ ಒಳಗೆ ನಲ್ಲಿಯ ಜೊತೆ ಜಗಳವಾಡುತ್ತ ತಲೆ ತೊಳೆದುಕೊಳ್ಳುತ್ತಿದ್ದಳು. ಅವಳ ಬಾಯಿ ನಿದ್ದೆಯಲ್ಲಷ್ಟೇ ಸುಮ್ಮನಿರುತ್ತಿತ್ತು. ಡಿಕ್ರಿಯಪ್ಪ ಹೊಸ್ತಿಲಾಚೆ ನಿಂತು ಕಣ್ಣು ಮುಚ್ಚಿದ. ಮೂಗಿನ ಹೊಳ್ಳೆಗಳು ಅರಳಿದವು. ಅವನು ಎದೆ ತುಂಬ, ಆಸೆಯಿಂದ, ಉಸಿರೆಳೆದುಕೊಂಡ.

"ಹಿಟ್ಟು ಇವತ್ತು ಸ್ವಲ್ಪ ಹುಳಿಯಾಗಿತ್ತಲ್ಲ, ನಿಮ್ಮ ಕೈಯಲ್ಲಿದೆ ಇನ್ನೂ," ಎಂದ. "ಮಗು ತಲೆಗೆ ಹಾಕೋ ಸೋಪು ಒಳ್ಳೇದು. ಎಳೇ ಕೂದಲ ವಾಸನೆ."

ಬೇಕರಿಯವಳಿಗೆ ಅರ್ಥವಾಯಿತು. ಅವನು ಮೂಸುತ್ತಿದ್ದುದು ಅವಳ ಮೂಗಿನಿಂದ.

"ಬಡ್ಡಿ ಬಾಕಿ ಇದೆ," ಎಂದು ಅವನು ಚೀಲಕ್ಕೆ ಕೈಹಾಕಿದ.

ಅವಳು ಬಾಗಿಲನ್ನು ಅವನ ಮುಖಕ್ಕೆ ಬಡಿದಳು. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಜಗಳ ನಿಂತಿತ್ತು. ಗುಬ್ಬಿ ನೊರೆ ಮೆತ್ತಿದ ತಲೆಯಲ್ಲಿ ಕುತ್ತಿಗೆ ಹಿಡಿದುಕೊಂಡು ನಿಂತಿದ್ದಳು. ಬಾಯಿ 'ಅಮ್ಮಾ' ಎನ್ನುತ್ತಿತ್ತು. ಸದ್ದಿರಲಿಲ್ಲ.

ನರ್ಸಮ್ಮ ದೂರದೂರಿನ ಇನ್ನೊಬ್ಬ ಮಂತ್ರವಾದಿಯ ವಿಳಾಸ ಕೊಡಲು ಬಂದಳು. ಬೇಕರಿಯವಳು ಅದನ್ನು ತೆಗೆದುಕೊಳ್ಳಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಅಲುಗುತ್ತಿರಲಿಲ್ಲ. "ಅವನ ಕೈಗೆ ಬಲ ಕೊಟ್ಟಿರೋದು ಕೋರ್ಟು ತಾನೆ? ಮೊದಲು ಅಲ್ಲಿಗೇ ಹೋಗಿ ಆ ಬಲ ಕಿತ್ತುಕೊಂಡು ಬರ್ತೀನಿ."

ಕೋರ್ಟಿನ ಹಿಂಬದಿಯ ಉಚಿತ ಕಾನೂನು ನೆರವಿನ ಕೋಣೆಯಲ್ಲಿ ಕುಳಿತಿದ್ದ ವಕೀಲೆ ಮಾಟದ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಮನ್ಸು ಅಂಟಿಸುವ ಹೊತ್ತಿಗೆ ನೀವು ಆ ಮನೆಯಲ್ಲಿದ್ದಿರಾ ಎಂದಷ್ಟೇ ಕೇಳಿದಳು. ಇರಲಿಲ್ಲ ಎಂಬುದಕ್ಕೆ ಹಳೆಯ ಮನೆ ಮಾಲೀಕನನ್ನು ಹಿಡಿದುತಂದು ಹೇಳಿಸಬೇಕಿತ್ತು. ಬಾಕಿ ಬಾಡಿಗೆಯ ನೆಪದಲ್ಲಿ ಮುಖ ತಿರುಗಿಸಿದ ಆ ಮನುಷ್ಯನ ಮನೆಯೆದುರು ಬೇಕರಿಯವಳು, ಅವನು ಒಪ್ಪುವವರೆಗೆ, ದಿನವೂ ಹೋಗಿ ಕೂತಳು. ತೀರ್ಪನ್ನು ರದ್ದುಪಡಿಸಿ ಮತ್ತೆ ವಿಚಾರಣೆ ಮಾಡಬೇಕೆಂಬ ಅರ್ಜಿ ದಾಖಲಾಯಿತು. ರಾತ್ರಿ ಗುಬ್ಬಿ ನಿದ್ದೆಯಲ್ಲಿ ಅಳುತ್ತಿದ್ದಳು. ಅಳುತ್ತಿದ್ದಾಳೆಂದು ದಿಂಬು ಮುಟ್ಟಿ ನೋಡಿ ತಿಳಿಯಬೇಕಾಗುತ್ತಿತ್ತು.

ವಿಚಾರಣೆಯ ದಿನ ಡಿಕ್ರಿಯಪ್ಪ ಹಿಂದಿನ ಬೆಂಚಿನಲ್ಲಿದ್ದ. ತೊಡೆಯ ಮೇಲೊಂದು ಖಾಲಿ ಕುಡಿಕೆ. ಅವನ ವಕೀಲ, ಈಕೆ ಬೇಕೆಂದೇ ತಪ್ಪಿಸಿಕೊಂಡಳು ಎಂದು ವಾದಿಸಿದ. ನ್ಯಾಯಾಧೀಶರು ನಿಮ್ಮದೇನು ಎಂದು ಅವಳನ್ನೇ ಕೇಳಿದರು. ಅವಳು ಬಾಯಿ ತೆರೆದಳು. ನಾಲಗೆ ಸೀಸದಂತೆ ಭಾರ. ಹಿಂದಿನಿಂದ ದಾರದ ಗಂಟು ಬಿಗಿಯುವ ಕಿರುಸದ್ದು. ಅವಳು ಎದುರಿನ ಮೇಜಿನಂಚನ್ನು ಉಗುರು ಬೆಳ್ಳಗಾಗುವಂತೆ ಹಿಡಿದಳು. ಒಂದೊಂದೇ ಮಾತನ್ನು ಬಾವಿಯಿಂದ ಸೇದಿದಂತೆ ಮೇಲೆಳೆದಳು.

"ನನ್ನನ್ನ ಕರೀಲಿಲ್ಲ, ಸ್ವಾಮಿ. ಕರೆದಿದ್ರೆ ಬರ್ತಿದ್ದೆ. ಆ ಯಂತ್ರ ಹೊತ್ತುಕೊಂಡೇ ಬರ್ತಿದ್ದೆ."

ನ್ಯಾಯಾಧೀಶರು ಮನೆ ಮಾಲೀಕನನ್ನು ಕೇಳಿದರು, ಕಡತ ತಿರುವಿದರು, ಬರೆಸಿದರು. ಡಿಕ್ರಿ ರದ್ದು. ಪ್ರಕರಣದ ವಿಚಾರಣೆ ಹೊಸದಾಗಿ ನಡೆಯತಕ್ಕದ್ದು. ಆ ಕ್ಷಣಕ್ಕೆ ಹಿಂದಿನ ಬೆಂಚಿನಲ್ಲಿ ಕುಡಿಕೆ ಬಿರಿದ ಸದ್ದಾಯಿತು. ಅವಳು ತಿರುಗಿ ನೋಡಿದಾಗ ಬೆಂಚಿನ ಮೇಲೆ ಬರೀ ಚೂರುಗಳಿದ್ದವು.

ಅವಳು ಅಲ್ಲಿಂದ ನೇರವಾಗಿ ಅವನ ನೆಲಮಾಳಿಗೆಗೆ ಹೋದಳು. ನರ್ಸಮ್ಮ ಜೊತೆಗಿದ್ದಳು. ಮೇಲಿನ ಬೀದಿಯಲ್ಲಿ ಬಿಸಿಲು, ಗಾಡಿಗಳ ಗಲಾಟೆ. ಬಾಗಿಲು ತೆರೆದೊಡನೆ ನರ್ಸಮ್ಮ ಸೆರಗಿನಿಂದ ಮೂಗು ಮುಚ್ಚಿ ಗೋಡೆ ಹಿಡಿದು ಓಕರಿಸಿದಳು. ಕೊಳೆತ ಹೂವು, ಸುಟ್ಟ ಕೂದಲು, ಹಳೇ ಗಾಯ ಎಂದು ತೊದಲಿದಳು. ಬೇಕರಿಯವಳಿಗೆ ಏನೂ ತಾಕಲಿಲ್ಲ. ನರ್ಸಮ್ಮನನ್ನು ಬಾಗಿಲು ಹಿಡಿದು ನಿಲ್ಲಲು ಹೇಳಿ, ಒಬ್ಬಳೇ ಇಳಿದಳು.

ಕತ್ತಲೆ ಎಣ್ಣೆಯಂತೆ ಮೈಗೆ ಹತ್ತಿತು. ಕೆಳಗೊಂದು ದೀಪ. ಗೋಡೆಯುದ್ದಕ್ಕೂ ಮರದ ಕಪಾಟು. ಸಾಲು ಸಾಲು ಕುಡಿಕೆಗಳು. ಅವು ಗುಂಯ್‌ಗುಡುತ್ತಿದ್ದವು. ಕಿವಿಗೊಟ್ಟರೆ ಒಂದರಲ್ಲಿ ನಗು, ಇನ್ನೊಂದರಲ್ಲಿ ಜೋಗುಳ, ಮತ್ತೊಂದರಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ಅವನು ಕುರ್ಚಿಯಲ್ಲಿ ಕೂತಿದ್ದ. ಅಂಗಿಯ ಇಸ್ತ್ರಿ ಮುರಿದಿತ್ತು.

ಅವನು ವ್ಯಾಪಾರದ ದನಿಯಲ್ಲಿ ಮಾತಾಡಿದ. ಡಿಕ್ರಿ ಹೋಯಿತು, ಒಪ್ಪಿದೆ. ಮಗಳದ್ದು ಕದ್ದದ್ದು, ಕೊಟ್ಟುಬಿಡುತ್ತೇನೆ. ಒಂದು ಕುಡಿಕೆಯನ್ನು ಅವಳ ಕೈಗಿತ್ತ. ಅದು ಗುಬ್ಬಿಯೇ. ಒಳಗೆ ಅವಳ ಮಗಳು ನಲ್ಲಿಗೆ ಬೈಯುತ್ತಿದ್ದಳು.

"ತಗೊಂಡು ಮೇಲೆ ಹೋಗಿ. ಉಳಿದದ್ದು ನಿಮ್ಮದಲ್ಲ. ಮುಟ್ಟಬೇಡಿ."

ಅವಳು ಕುಡಿಕೆಯನ್ನು ಎದೆಗೊತ್ತಿಕೊಂಡಳು. ಮೆಟ್ಟಿಲು ಹಿಂದೆಯೇ ಇತ್ತು. ಹೋಗಬಹುದಿತ್ತು. ಮೇಲೆ ನರ್ಸಮ್ಮ ಕೆಮ್ಮುವುದು ಕೇಳಿಸಿತು. ಒಣ ಕೆಮ್ಮು. ಒಣ ಕಣ್ಣಿನವಳು.

ಬೇಕರಿಯವಳು ಬಲಗೈ ಎತ್ತಿದಳು.

ಕೈ ಎದ್ದಿತು.

ಕಪಾಟಿನ ಅಂಚು ಹಿಡಿದಳು. ಎಳೆದಳು. ಅವನು ಎದ್ದ. ಅವಳ ಜುಟ್ಟಿಗೆ ಕೈಹಾಕಿದ. ದೀಪ ಉರುಳಿತು. ಕತ್ತಲು. ಮತ್ತೆ ಎಳೆದಳು. ಮರ ಕಿರುಗುಟ್ಟಿತು. ಕಪಾಟು ಬಾಗಿತು. ಬಿತ್ತು. ಕುಡಿಕೆಗಳು ಒಡೆದವು. ನೂರು ಬಾಯಿ ತೆರೆದವು. ನಗು. ಬಿಕ್ಕು. ಕೂಗು. ಜೋಗುಳ. ಗಾಳಿ ಅವಳ ಕಿವಿ ಸವರಿ ಮೆಟ್ಟಿಲು ಹತ್ತಿ ಓಡಿತು. ಅವಳು ಕೈಲಿದ್ದ ಕುಡಿಕೆಯನ್ನೂ ನೆಲಕ್ಕಪ್ಪಳಿಸಿದಳು. ಜುಟ್ಟು ಹಿಡಿದ ಕೈ ಸಡಿಲಿತು. ಅವನು ಕಿರುಚಿದ. ಹೆಂಗಸಿನ ದನಿಯಲ್ಲಿ. ಮಗುವಿನ ದನಿಯಲ್ಲಿ. ಮುದುಕನ ದನಿಯಲ್ಲಿ. ಒಂದೊಂದೇ ದನಿ ಅವನನ್ನು ಬಿಟ್ಟು ಹೊರಟಿತು. ಕೊನೆಗೆ ಉಳಿದದ್ದು ಸವೆದುಹೋದ ಒಂದು ಪಿಸುಮಾತು.

"ನಿಮ್ಮದು ಬಾಯಾರೆ ಕೊಟ್ಟದ್ದು. ಅದು ನನ್ನದೇ."

ಆ ಪಿಸುಮಾತೂ ನಿಂತಿತು. ಅವಳು ತಡವರಿಸುತ್ತ ಮೇಲೆ ಬಂದಾಗ ನರ್ಸಮ್ಮ ಬೀದಿಯ ಬಿಸಿಲಲ್ಲಿ, ನಡು ಫುಟ್‌ಪಾತಿನಲ್ಲಿ ಕೂತು, ಮಗನ ಹೆಸರು ಹಿಡಿದು ಅಳುತ್ತಿದ್ದಳು. ಬೇಕರಿಯವಳು ಅವಳ ತಲೆಯನ್ನು ಹೊಟ್ಟೆಗೊತ್ತಿಕೊಂಡು ನಿಂತಳು. ಜನ ಸುತ್ತಿ ಬಳಸಿ ಹೋದರು. ಶಾಲೆ ಬಿಟ್ಟ ಗುಬ್ಬಿ ಬೀದಿ ತಿರುವಿನಿಂದಲೇ ಬೊಬ್ಬೆ ಹೊಡೆಯುತ್ತ ಬಂದಳು. ಅಷ್ಟು ದಿನದ ಮಾತು ಬಾಕಿಯಿತ್ತು.

ಮೊಕದ್ದಮೆ ಮತ್ತೆ ನಡೆಯಿತು. ಯಂತ್ರ ಸರಿಯಿತ್ತೆಂದು ತೋರಿಸಲು ಕಂಪನಿಗೆ ಆಗಲಿಲ್ಲ. ಬಡ್ಡಿಯೆಲ್ಲ ಹೋಗಿ, ಅಸಲಿನಲ್ಲಿ ಒಂದು ಭಾಗವನ್ನು ಕಂತಿನಲ್ಲಿ ಕಟ್ಟಬೇಕೆಂದಾಯಿತು. ಅವಳು ತಲೆಯೆತ್ತಿಕೊಂಡು ಹೋಗಿ ಅದನ್ನು ಕೋರ್ಟಿನ ಕಿಟಕಿಯಲ್ಲೇ ಕಟ್ಟುತ್ತಾಳೆ. ಬೇಕರಿಯಲ್ಲಿ ಬ್ರೆಡ್ಡಿನ ತಳ ತಟ್ಟಿ, ಸದ್ದು ಕೇಳಿ, ಬೆಂದಿದೆಯೋ ಇಲ್ಲವೋ ತಿಳಿಯಲು ಕಲಿತಿದ್ದಾಳೆ. ಗ್ಯಾಸಿನ ಹತ್ತಿರ ಮಾತ್ರ ಒಬ್ಬಳೇ ಹೋಗುವುದಿಲ್ಲ. ಮಲಗಿದ ಮಗಳ ನೆತ್ತಿಗೆ ಮೂಗು ಒತ್ತಿದರೆ ಬೆಚ್ಚಗಿರುತ್ತದೆ. ಅಷ್ಟೇ, ಬೆಚ್ಚಗೆ.

ಕೋರ್ಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಈಗ ಇಸ್ತ್ರಿ ಮುರಿದ ಬಿಳಿ ಅಂಗಿಯ ಒಬ್ಬ ಮುದುಕ ಕೂತಿರುತ್ತಾನೆ. ಕಣ್ಣು ಕಾಣದು, ಕಿವಿ ಕೇಳದು, ಮಾತಿಲ್ಲ. ಉಳಿದಿರುವುದು ಅವಳು ಬಾಯಾರೆ ಕೊಟ್ಟ ಮೂಗೊಂದೇ. ಅವಳು ಗೇಟು ದಾಟಿದೊಡನೆ ಅವನ ಮುಖ ಮೇಲೇಳುತ್ತದೆ. ಹೊಳ್ಳೆಗಳು ಅರಳುತ್ತವೆ. ಅವಳು ಹೋದ ಹೋದ ಕಡೆಗೆ ಆ ಮುಖ ತಿರುಗುತ್ತದೆ. ಮೊದಲ ಸಲ ಅದನ್ನು ಕಂಡಾಗ ಅವಳು ಹಿಂಬಾಗಿಲಿನಿಂದ ಹೋದಳು. ಮುಂದಿನ ಕಂತಿನ ದಿನ ಹಾಗೆ ಮಾಡಲಿಲ್ಲ. ಬೇಕರಿಯ ಏಪ್ರನ್ನಿನಲ್ಲೇ ನೆಟ್ಟಗೆ ನಡೆದುಬಂದು, ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಳು. ಕೈಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ತನ್ನ ಕೈ ಯಾವುದರ ವಾಸನೆ ಹೊಡೆಯುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಾಗಲಿ ಎಂದು ಹಾಗೆಯೇ ಹಿಡಿದುಕೊಂಡು ಕೂತಳು.

ಅವನ ತುಟಿ ಅದುರಿತು. ಮುಖ ಆ ಕಡೆಗೆ ಹೊರಳಿತು. ಬೆಂಚಿನಿಂದ ಮೊದಲು ಎದ್ದವನು ಅವನೇ.