ರೇಡಿಯೋ ನೋಡದ ಸಿನಿಮಾ

“ಆಮೇಲೆ ಅವನು ಕೊಡಲಿ ಎತ್ತಿದ,” ಎಂದು ಹೇಳಿ ರೇಡಿಯೋ ಸುಮ್ಮನಾದಳು.

ಸ್ಕೂಲಿನ ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಉಸಿರು ಬಿಗಿಹಿಡಿದರು. ಒಬ್ಬಳಂತೂ ಬಾಯಿಗಿಟ್ಟ ಬಿಸ್ಕತ್ತನ್ನು ಕಚ್ಚುವುದನ್ನೇ ಮರೆತಿದ್ದಳು. ಕತೆಯನ್ನು ಎಲ್ಲಿ ತಡೆಯಬೇಕು ಎಂಬುದು ರೇಡಿಯೋಗೆ ಚೆನ್ನಾಗಿ ಗೊತ್ತಿತ್ತು. ಬಾಯಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಅದಕ್ಕೇ ಕ್ಲಾಸಿನವರು ಅವಳಿಗೆ ಆ ಹೆಸರು ಇಟ್ಟಿದ್ದು.

“ಧಡ್. ತಲೆ ಒಂದು ಕಡೆ, ಮೈ ಒಂದು ಕಡೆ. ಆ ತಲೆ ಉರುಳ್ತಾ ಉರುಳ್ತಾ ಮೆಟ್ಟಿಲು ಇಳಿದು ಸೀದಾ ಟಾಯ್ಲೆಟ್ ಒಳಗೆ ಹೋಯ್ತು. ಇನ್ನೂ ಅಲ್ಲೇ ಇದೆ.”

ತಲೆ ಟಾಯ್ಲೆಟ್ಟಿಗೇ ಯಾಕೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ರೇಡಿಯೋಗೂ ಉತ್ತರ ಗೊತ್ತಿರಲಿಲ್ಲ. ಮೆಟ್ಟಿಲ ಎದುರಿಗೆ ಸ್ಕೂಲಿನ ಟಾಯ್ಲೆಟ್ ಕಾಣುತ್ತಿತ್ತು, ಅಷ್ಟೆ.

ಅವಳು ಹೇಳುತ್ತಿದ್ದುದು ಥಿಯೇಟರಿನಲ್ಲಿ ಓಡುತ್ತಿದ್ದ ಹೊಸ ಸಿನಿಮಾದ ಕತೆ. ದೊಡ್ಡವರಿಗೆ ಮಾತ್ರ ಎಂದು ಗೇಟಿನ ಪಕ್ಕ ಕೆಂಪು ಅಕ್ಷರದ ಬೋರ್ಡೇ ಇತ್ತು. ಆ ಗೇಟಿನಲ್ಲಿ ಟಿಕೆಟ್ ಹರಿದು ಒಳಗೆ ಬಿಡುವವಳು ರೇಡಿಯೋಳ ಅಮ್ಮ. ಅಂದ ಮೇಲೆ ಮಗಳು ನೋಡದೇ ಇರುತ್ತಾಳೆಯೇ ಎಂದು ಇಡೀ ಕ್ಲಾಸು ನಂಬಿತ್ತು. ನೋಡಿದ್ದೇನೆ ಎಂದು ರೇಡಿಯೋ ಒಂದು ಸಲವೂ ಹೇಳಿರಲಿಲ್ಲ. ನೋಡಿಲ್ಲ ಎಂದೂ ಹೇಳಿರಲಿಲ್ಲ.

ನಿಜ ಏನೆಂದರೆ, ಸ್ಕೂಲು ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೂ ಅವಳು ಥಿಯೇಟರಿನ ಹಳೇ ಕುರ್ಚಿಗಳ ರೂಮಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಒಳಗಿನ ಬಾಗಿಲು ದಾಟಬಾರದು ಎಂದು ಅಮ್ಮ ಹೇಳಿದ್ದಳು. ರೇಡಿಯೋ ದಾಟಿರಲಿಲ್ಲ. ಅವಳ ಕಿವಿ ಮಾತ್ರ ದಾಟಿತ್ತು. ಆ ರೂಮಿನ ಒಂದು ಗೋಡೆಯ ಆಚೆಗೇ ಸಿನಿಮಾ. ಧಡ್ ಧಡ್ ಎನ್ನುವ ಏಟು, ಒಬ್ಬ ಹೆಂಗಸಿನ ಚೀರಾಟ, ಗೊರ್ರ್ ಎನ್ನುವ ಭಯಂಕರ ದನಿ, ಎಲ್ಲ ಕೇಳಿಸುತ್ತಿತ್ತು. ನಡುವೆ ಒಮ್ಮೊಮ್ಮೆ ತುಂಬಾ ಹೊತ್ತು ಏನೂ ಕೇಳಿಸುತ್ತಿರಲಿಲ್ಲ. ಬೋರು ಹೊಡೆದು ಅವಳು ಆಗ ಲೆಕ್ಕ ಮಾಡುತ್ತಿದ್ದಳು. ಸದ್ದು ಕೇಳಿಸಿದಾಗ ಕತೆ, ಕೇಳಿಸದಾಗ ಭಾಗಾಕಾರ.

ಇಷ್ಟೆಲ್ಲ ಕೊಡಲಿ ಬೀಸಿದ ಧೀರೆ ರಾತ್ರಿ ಮಲಗುವಾಗ ಅಮ್ಮನ ಕೈ ಎಳೆದು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. ಅದನ್ನು ಕ್ಲಾಸಿನಲ್ಲಿ ಹೇಳಿಕೊಳ್ಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಮೆಟ್ಟಿಲಿನ ಕೊನೆಯಲ್ಲಿ ಕರೆಯದೇ ಬಂದು ಕೂತವನೊಬ್ಬನಿದ್ದ. ಎರಡನೇ ಕ್ಲಾಸಿನ ಗುಬ್ಬಿ. ರೇಡಿಯೋಳ ಬೀದಿಯ ಟೈಲರ್ ಮಗ. ದಿನಾ ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ಸ್ಕೂಲಿಗೆ ಬರುವವನು. ಅವನೂ ಕೇಳಿಸಿಕೊಂಡ. ಮಾರನೆಯ ದಿನದಿಂದ ಸ್ಕೂಲಿನಲ್ಲಿ ನೀರು ಕುಡಿಯುವುದನ್ನು ಬಿಟ್ಟ. ನೀರು ಕುಡಿಯದಿದ್ದರೆ ಟಾಯ್ಲೆಟ್ಟಿಗೆ ಹೋಗಬೇಕಾಗಿಲ್ಲ ಎಂಬುದು ಅವನ ಉಪಾಯ. ಆ ಉಪಾಯ ಕೈಕೊಟ್ಟಿತು. ಒಂದು ದಿನ ಕ್ಲಾಸಿನಲ್ಲೇ ಚಡ್ಡಿ ಒದ್ದೆಯಾಯಿತು.

ಟೈಲರ್ ಮಾವ ಮಾತು ಕಡಿಮೆ ಇರುವ ಮನುಷ್ಯ. ಮಗನನ್ನು ಕೂರಿಸಿಕೊಂಡು ಮೆಲ್ಲಗೆ ಕೇಳಿ ಕೇಳಿ ವಿಷಯ ಹೊರಗೆ ತೆಗೆದರು. ರೇಡಿಯೋ ಅಕ್ಕ ನೋಡಿದ ಸಿನಿಮಾ, ಕೊಡಲಿ, ಟಾಯ್ಲೆಟ್ಟಿನಲ್ಲಿರುವ ತಲೆ. ಎಲ್ಲ ಕೇಳಿದವರೇ ಕುತ್ತಿಗೆಯ ಮೇಲಿನ ಅಳತೆ ಟೇಪನ್ನೂ ತೆಗೆಯದೆ ಥಿಯೇಟರಿಗೆ ಬಂದರು.

ರೇಡಿಯೋ ಆ ಹೊತ್ತಿಗೆ ಕುರ್ಚಿ ರೂಮಿನಲ್ಲಿದ್ದಳು. ಪಕ್ಕದ ಮ್ಯಾನೇಜರ್ ರೂಮಿನಿಂದ ಟೈಲರ್ ಮಾವನ ಗಂಟಲು ಕೇಳಿಸಿತು. ಚಿಕ್ಕ ಹುಡುಗಿಯನ್ನು ಇಂಥ ಸಿನಿಮಾಕ್ಕೆ ಬಿಡುತ್ತೀರಂತೆ, ಬೋರ್ಡು ಯಾರಿಗೆ ಹಾಕಿದ್ದೀರಿ ಎಂದು ಅವರು ಕೇಳುತ್ತಿದ್ದರು. ಮ್ಯಾನೇಜರ್ ಅಮ್ಮನನ್ನು ಕರೆಸಿದರು. ನನ್ನ ಮಗಳು ಒಳಗೆ ಕಾಲಿಟ್ಟಿಲ್ಲ ಎಂದು ಅಮ್ಮ ಹೇಳಿದಳು. ಇಟ್ಟಿದ್ದರೆ ಥಿಯೇಟರಿಗೇ ಬೀಗ ಬೀಳುತ್ತದೆ, ಅದಕ್ಕೂ ಮೊದಲು ನಿನ್ನ ಕೆಲಸ ಹೋಗುತ್ತದೆ ಎಂದರು ಮ್ಯಾನೇಜರ್. ಅಮ್ಮ ಮತ್ತೆ ಅದನ್ನೇ ಹೇಳಿದಳು. ಈ ಸಲ ಅವಳ ದನಿ ಸಣ್ಣದಾಗಿತ್ತು.

ಸಿನಿಮಾದ ಚೀರಾಟಕ್ಕೆ ಏಳದಿದ್ದ ರೇಡಿಯೋ ಆ ಸಣ್ಣ ದನಿಗೆ ಎದ್ದಳು. ಹೋಗಿ ಬಾಗಿಲಲ್ಲಿ ನಿಂತಳು.

“ನಾನು ನೋಡಿಲ್ಲ. ಬರೀ ಕೇಳಿಸ್ಕೊಂಡಿದ್ದು.”

“ನೋಡದೇನೇ ಅಷ್ಟೆಲ್ಲ ಹೇಳೋಕಾಗುತ್ತಾ?” ಎಂದರು ಟೈಲರ್ ಮಾವ.

ಅಂಥ ಹೊತ್ತಿನಲ್ಲೂ ರೇಡಿಯೋಗೆ ಒಳಗೊಳಗೆ ಒಂಚೂರು ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲ ಎಂದು ಹಿಂದೆಯೇ ನಾಚಿಕೆಯೂ ಆಯಿತು.

ಹಾಗಾದರೆ ಆ ಕತೆಯನ್ನು ಇಲ್ಲೇ ಹೇಳು ಎಂದರು ಮ್ಯಾನೇಜರ್. ರೇಡಿಯೋ ತಲೆ ತಗ್ಗಿಸಿಕೊಂಡು ಶುರುಮಾಡಿದಳು. ಆದರೆ ಹಾಳು ಬಾಯಿ, ಎರಡು ಮಾತು ಆಡುತ್ತಿದ್ದಂತೆ ಬಿಸಿಯೇರಿತು. ಕೈ ತಾನಾಗಿ ಕೊಡಲಿ ಎತ್ತಿತು. ಅವಳು ‘ಧಡ್’ ಎಂದಾಗ ಟೈಲರ್ ಮಾವ ಒಂದು ಹೆಜ್ಜೆ ಹಿಂದೆ ಸರಿದರು. ತಲೆ ಟಾಯ್ಲೆಟ್ ತಲುಪಿದಾಗ ಮ್ಯಾನೇಜರ್ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಅವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೇನೋ ಅಂದುಕೊಂಡಳು ರೇಡಿಯೋ. ಅವರು ನಗುತ್ತಿದ್ದರು.

“ಆ ಸಿನಿಮಾದಲ್ಲಿ ಕೊಡಲಿನೇ ಇಲ್ಲ ಕಣಮ್ಮ. ಧಡ್ ಧಡ್ ಅನ್ನೋದು ಅಜ್ಜಿ ಹಾಸಿಗೆ ಬಡಿದು ಧೂಳು ಕೊಡವೋದು.”

“ಆ ಹೆಂಗಸು ಚೀರ್ತಾಳಲ್ಲ?”

“ಕಾಲ ಮೇಲೆ ಜಿರಲೆ ಹತ್ತುತ್ತೆ.”

ಕೇಳಬಾರದು ಅಂದುಕೊಂಡರೂ ರೇಡಿಯೋ ಕೇಳಿಯೇಬಿಟ್ಟಳು. “ಗೊರ್ರ್ ಅನ್ನೋ ದೆವ್ವ?”

“ಅವಳ ಮಾವ. ಗೊರಕೆ ಹೊಡೀತಾನೆ.”

ರೇಡಿಯೋಳ ಕಿವಿ ಬಿಸಿಯಾಯಿತು. ದಿನಾ ಎದೆ ಗಟ್ಟಿಮಾಡಿಕೊಂಡು ಕೇಳಿದ್ದು ಹಾಸಿಗೆ, ಜಿರಲೆ, ಗೊರಕೆ. ಮೂರೂ ಅವಳ ಮನೆಯಲ್ಲೇ ಇದ್ದವು.

“ಮತ್ತೆ ಮಕ್ಕಳನ್ನ ಯಾಕೆ ಬಿಡಲ್ಲ?” ಎಂದಳು.

ಮ್ಯಾನೇಜರ್ ನಗು ನಿಂತಿತು. ಅವರು ಅಮ್ಮನ ಕಡೆ ನೋಡಿದರು. ಅಮ್ಮ ನೆಲ ನೋಡಿದಳು.

“ಅದು ಬೇರೆ ಜಾಗದಲ್ಲಿದೆ,” ಎಂದರು ಮ್ಯಾನೇಜರ್. “ಅಲ್ಲಿ ಸದ್ದೇ ಇಲ್ಲ.”

ಸದ್ದಿಲ್ಲದ ಹೊತ್ತು ಯಾವುದೆಂದು ರೇಡಿಯೋಗೆ ಗೊತ್ತಿತ್ತು. ಆಗೆಲ್ಲ ಅಮ್ಮ ಗೇಟು ಬಿಟ್ಟು ಕುರ್ಚಿ ರೂಮಿಗೆ ಬರುತ್ತಿದ್ದಳು. ನೀರು ಕುಡಿದು, ಎಷ್ಟು ಲೆಕ್ಕ ಆಯಿತು ಎಂದು ಕೇಳಿ, ಒಳಗಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಅಮ್ಮನಿಗೆ ಬಾಯಾರಿಕೆ ಜಾಸ್ತಿ ಎಂದೇ ರೇಡಿಯೋ ತಿಳಿದಿದ್ದಳು. ಅಲ್ಲಿ ಏನಿದೆ ಎಂದು ಕೇಳಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ ಮುಚ್ಚಿಕೊಂಡಳು.

ಮ್ಯಾನೇಜರ್ ಅಮ್ಮನಿಗೆ ಗೇಟಿಗೆ ಹೋಗಲು ಹೇಳಿದರು. ಕೆಲಸ ಉಳಿಯಿತು. ಟೈಲರ್ ಮಾವ ಮಾತ್ರ ನಿಂತ ಜಾಗ ಬಿಟ್ಟು ಅಲುಗಲಿಲ್ಲ.

“ಸಿನಿಮಾದಲ್ಲಿ ಇಲ್ಲ, ಸರಿ. ನನ್ನ ಮಗನ ಮನಸ್ಸಲ್ಲಿ ಇದೆಯಲ್ಲ. ಅದನ್ನ ಯಾರು ತೆಗೀತಾರೆ?”

ಹೊರಟಿದ್ದ ಅಮ್ಮನೂ ಸೇರಿ ಮೂವರೂ ರೇಡಿಯೋ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಅವಳು ಟೈಲರ್ ಅಂಗಡಿಗೆ ಹೋದಳು. ಗುಬ್ಬಿ ಬಟ್ಟೆ ಚೂರುಗಳ ರಾಶಿಯ ಮೇಲೆ ಕೂತಿದ್ದ. ಹಾಸಿಗೆ, ಜಿರಲೆ, ಗೊರಕೆ ಎಲ್ಲವನ್ನೂ ಅವಳು ಬಿಡಿಸಿ ಬಿಡಿಸಿ ಹೇಳಿದಳು. ನಗಿಸಲೆಂದು ಗೊರಕೆ ಹೊಡೆದೂ ತೋರಿಸಿದಳು. ಗುಬ್ಬಿ ನಗಲಿಲ್ಲ.

“ಆ ತಲೆ ಈಗ ಎಲ್ಲಿದೆ?” ಎಂದ.

“ತಲೆನೇ ಇಲ್ಲ ಕಣೋ. ನಾನು ಸುಮ್ನೆ ಹೇಳಿದ್ದು.”

ಗುಬ್ಬಿ ಯೋಚಿಸಿದ. “ಸುಮ್ನೆ ಹೇಳಿದ್ದು ಈಗ ಎಲ್ಲಿದೆ?”

ರೇಡಿಯೋ ತನ್ನ ಬ್ಯಾಗಿನ ಪಟ್ಟಿಯನ್ನು ಅವನ ಕೈಗೆ ಕೊಟ್ಟಳು.

ಅಂದಿನಿಂದ ಬಿಡುವಿನ ಹೊತ್ತಿನಲ್ಲಿ ಅವಳ ಜಾಗ ಬದಲಾಯಿತು. ಟಾಯ್ಲೆಟ್ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದೇ ಕೆಲಸ. ಒಳಗಿನಿಂದ ಗುಬ್ಬಿ “ಇದ್ದೀಯಾ ಅಕ್ಕಾ?” ಎನ್ನುತ್ತಿದ್ದ. ಇವಳು “ಇದ್ದೀನಿ” ಎನ್ನುತ್ತಿದ್ದಳು. ಅವನು ಮತ್ತೆ ಕೇಳುತ್ತಿದ್ದ, ಇವಳು ಮತ್ತೆ ಹೇಳುತ್ತಿದ್ದಳು. ರೇಡಿಯೋ ಹೋಗಿ ವಾಚ್‌ಮನ್ ಬಂದಳು ಎಂದು ಕ್ಲಾಸಿನವರು ಆಡಿಕೊಂಡರು. ಸಂಬಳವೂ ಇಲ್ಲ, ವಾಸನೆ ಬೇರೆ ಎಂದು ಅವಳೂ ಅವರ ಜೊತೆ ನಕ್ಕಳು. ಯಾರನ್ನೂ ಬೈಯುವಂತಿರಲಿಲ್ಲ, ತಲೆಯನ್ನು ಅಲ್ಲಿಗೆ ಉರುಳಿಸಿದವಳು ಅವಳೇ.

ದಿನ ಕಳೆದಂತೆ “ಇದ್ದೀಯಾ” ಕಡಿಮೆಯಾಯಿತು. ಒಂದು ದಿನ ಗುಬ್ಬಿ ಅವಳನ್ನು ಕರೆಯದೇ ಓಡಿಹೋಗಿ, ಕೈ ತೊಳೆದುಕೊಂಡು, ಚಡ್ಡಿಗೆ ಒರೆಸಿಕೊಳ್ಳುತ್ತ ಬಂದ. ತಾನು ಒಬ್ಬನೇ ಹೋಗಿದ್ದು ಅವನಿಗೇ ಗೊತ್ತಾದಂತೆ ಕಾಣಲಿಲ್ಲ. ರೇಡಿಯೋ ಅದನ್ನು ಹೇಳಲೂ ಇಲ್ಲ.

ಅಷ್ಟರಲ್ಲಿ ಥಿಯೇಟರಿಗೆ ಬೇರೆ ಸಿನಿಮಾ ಬಂದಿತ್ತು. ಗೆಳತಿಯರು ಮೆಟ್ಟಿಲ ಮೇಲೆ ಅವಳನ್ನು ಮುತ್ತಿದರು. ನೋಡದಿದ್ದರೂ ಪರವಾಗಿಲ್ಲ, ನೀನು ಹೇಳುವುದೇ ಚೆನ್ನಾಗಿರುತ್ತದೆ ಎಂದರು. ರೇಡಿಯೋಳ ನಾಲಿಗೆ ತುರಿಸುತ್ತಿತ್ತು. ಸಂದಿಯಲ್ಲಿ ನುಸುಳಿ ಬಂದ ಗುಬ್ಬಿ ಎಲ್ಲರಿಗಿಂತ ಮುಂದೆ ಕೂತ.

“ಭಯ ಆಗೋದು ಹೇಳಕ್ಕಾ,” ಎಂದ. ಆಮೇಲೆ, “ಸ್ವಲ್ಪ” ಎಂದು ಸೇರಿಸಿದ.

“ಸ್ವಲ್ಪ ಅಂದ್ರೆ ಎಷ್ಟು?”

ಗುಬ್ಬಿ ಹೆಬ್ಬೆರಳು, ತೋರುಬೆರಳು ಎತ್ತಿ ನಡುವೆ ಇಷ್ಟು ಜಾಗ ಬಿಟ್ಟು ತೋರಿಸಿದ. ತಾನೇ ಅದನ್ನು ಒಮ್ಮೆ ನೋಡಿಕೊಂಡ. ಬೆರಳುಗಳನ್ನು ಇನ್ನೊಂಚೂರು ಹತ್ತಿರ ತಂದ.

ರೇಡಿಯೋ ಆ ಸಂದಿಯನ್ನೇ ನೋಡುತ್ತ, ನಿಧಾನವಾಗಿ ಕತೆ ಶುರುಮಾಡಿದಳು.