ಗಟ್ಟಿ ಮಾಡಿದ ಕಾರ್ಪೆಟ್

ತೆರಿಗೆ ಅಧಿಕಾರಿ ಬಗ್ಗಿ ಕಚೇರಿಯ ಕಾರ್ಪೆಟ್ಟಿನ ಒಂದು ಚೌಕದ ಮೂಲೆ ಹಿಡಿದು ಎಳೆದರು. ಏಳಲಿಲ್ಲ. ಪಕ್ಕದ್ದನ್ನು ಎಳೆದರು. ಅವರ ಉಗುರು ಮುರಿಯಿತೇ ಹೊರತು ಚೌಕ ಜಪ್ಪಯ್ಯ ಅಂದರೂ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಡಿಟರಮ್ಮ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ದೊಡ್ಡಮ್ಮನ ಎದುರು ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾರ ಮನೆಯಲ್ಲಿ ಏನು ಕಳೆದರೂ ಆ ಬೀದಿಯವರು ಪೊಲೀಸರಿಗಿಂತ ಮೊದಲು ಹತ್ತುತ್ತಿದ್ದದ್ದು ದೊಡ್ಡಮ್ಮನ ಮೆಟ್ಟಿಲನ್ನೇ. ದೊಡ್ಡಮ್ಮನ ಜೊತೆಗಿದ್ದವನು ಅವರ ತಂಗಿಯ ಮಗ, ಕಕ್ಷಿದಾರರ ಮುಖವನ್ನೇ ಕಾಣದ ವಕೀಲ.

"ಕಚೇರಿ ನೆಲಕ್ಕೆ ಬಿಡಿಯಾಗಿ ಹಾಸಿದ್ರೆ ಅದು ಸಾಮಾನು, ತೆರಿಗೆ ರಿಯಾಯಿತಿ ಉಂಟು. ಅಂಟಿಸಿಬಿಟ್ರೆ ಕಟ್ಟಡದ ಭಾಗ, ರಿಯಾಯಿತಿ ಇಲ್ಲ," ಎಂದರು ಆಡಿಟರಮ್ಮ. "ಹೋದ ವರ್ಷ ಹಾಸಿದ ದಿನವೇ ನಾನು ಕಣ್ಣಾರೆ ನೋಡಿ, ಬಿಡಿಯಾಗಿದೆ ಅಂತ ಸಹಿ ಹಾಕಿದ್ದೆ. ಈಗ ಸುಳ್ಳು ಸಹಿ ಅಂತಿದ್ದಾರೆ. ನನ್ನ ಲೈಸೆನ್ಸೇ ಹೋಗುತ್ತೆ."

"ತಪಾಸಣೆ ಇದೆ ಅಂತ ಯಾರಿಗೆಲ್ಲ ಗೊತ್ತಿತ್ತು?" ದೊಡ್ಡಮ್ಮ ಕೇಳಿದರು.

"ಕಚೇರಿ ಯಜಮಾನರಿಗೆ, ಕಾರ್ಪೆಟ್ ಹಾಸಿದ ಮೇಸ್ತ್ರಿಗೆ. ಯಜಮಾನರ ಭಾಮೈದನಿಗೆ ಹೋದ ವಾರ ನಾನೇ ಫೋನ್ ಮಾಡಿದ್ದೆ. 'ಅಧಿಕಾರಿ ಬರ್ತಾರೆ, ಕಾರ್ಪೆಟ್ ವಿಷಯ ಗಟ್ಟಿ ಮಾಡ್ಕೊಳ್ಳಿ, ಎಲ್ಲೂ ಸಡಿಲ ಬಿಡಬೇಡಿ' ಅಂದೆ. ಬಿಲ್ಲು, ಫೋಟೋ ಜೋಡಿಸಿಡ್ತಾರೆ ಅಂದ್ಕೊಂಡಿದ್ದೆ."

ಕೆಳಗೆ ಯಜಮಾನರು ಕಚೇರಿ ಹಾರಿಹೋಗುವಂತೆ ಕೂಗಾಡುತ್ತಿದ್ದರು. "ಆ ಹೆಂಗಸು ನೋಡದೇ ಸಹಿ ಹಾಕಿದ್ದಾಳೆ! ನನ್ನ ಮಾನ ಮೂರು ಕಾಸಿಗೆ ಹರಾಜಾಯ್ತು!" ಭಾಮೈದ, ನಲವತ್ತು ದಾಟಿದ ಸಾಧು ಮನುಷ್ಯ, ಗೋಡೆಗೆ ಅಂಟಿಕೊಂಡು ನಿಂತಿದ್ದ.

ದೊಡ್ಡಮ್ಮ ಕೆಳಗಿಳಿದು ಬಂದು ವಕೀಲನಿಗೆ ಸೋಫಾ ಸರಿಸು ಎಂದರು. ಅವನು ಸೊಂಟ ಹಿಡಿದುಕೊಂಡೇ ಸರಿಸಿದ. ಅದರಡಿಯ ಚೌಕಗಳು ಸಲೀಸಾಗಿ ಎದ್ದವು. ಯಜಮಾನರ ಕುರ್ಚಿಗೆ ಚಕ್ರಗಳಿದ್ದವು, ಒಂದೇ ಬೆರಳಲ್ಲಿ ತಳ್ಳಬಹುದಿತ್ತು. ತಳ್ಳಿ ನೋಡಿದರೆ ಅದರಡಿಯದ್ದೂ ಎದ್ದವು. ಎದ್ದ ಚೌಕಗಳ ಬೆನ್ನಿಗೆಲ್ಲ ಒಂದೊಂದು ಬಾಣದ ಗುರುತು, ಎಲ್ಲವೂ ಕಿಟಕಿಯ ಕಡೆಗೆ. ಅಂಟಿದ ಭಾಗ ಮಾತ್ರ ಒಂದು ಚೌಕ ತಿಳಿ, ಇನ್ನೊಂದು ಗಾಢವಾಗಿ, ಚದುರಂಗದ ಹಲಗೆಯಂತೆ ಕಾಣುತ್ತಿತ್ತು.

"ಮೇಸ್ತ್ರಿಯದೇ ಕೆಲಸ ದೊಡ್ಡಮ್ಮಾ. ಕೂಲಿ ವಿಷಯಕ್ಕೆ ಯಜಮಾನರ ಜೊತೆ ಜಗಳವಂತೆ," ಎಂದ ವಕೀಲ.

"ಊಂ."

"ಊಂ ಅಂದ್ರೆ ಹೌದಾ, ಅಲ್ವಾ?"

"ಊಂ ಅಂದ್ರೆ ಊಂ ಕಣೋ."

ವಕೀಲನಿಗೆ ಮೈಯೆಲ್ಲ ಉರಿಯಿತು. ಸೋಫಾ ಎಳೆಯುವುದಕ್ಕೆ ತಾನು ಬೇಕು, ತಲೆಯೊಳಗಿನದು ಹೇಳುವುದಕ್ಕೆ ಬೇಡ. ಎಷ್ಟು ವರ್ಷ ಜೊತೆಗಿದ್ದರೂ ಇದೇ ಹಣೆಬರಹ.

ಸಂಜೆ ಅದೇ ಕೋಣೆಯಲ್ಲಿ ಅಧಿಕಾರಿ, ಯಜಮಾನರು, ಭಾಮೈದ, ಮೇಸ್ತ್ರಿ, ಆಡಿಟರಮ್ಮ ಎಲ್ಲರೂ ಸೇರಿದರು.

"ಸೋಫಾ ಅಡಿ ಅಂಟಿಲ್ಲ," ದೊಡ್ಡಮ್ಮ ಶುರುಮಾಡಿದರು. "ಮೊದಲೇ ಅಂಟಿಸಿದ್ರೆ ಖಾಲಿ ಕೋಣೆ ಪೂರ್ತಿ ಅಂಟಿಸ್ತಿದ್ರು. ಅಂದ್ರೆ ಇದು ಸಾಮಾನೆಲ್ಲ ಬಂದ ಮೇಲೆ ಆಗಿದ್ದು. ಆಡಿಟರಮ್ಮ ಸಹಿ ಹಾಕಿದಾಗ ಎಲ್ಲಾ ಬಿಡಿಯಾಗೇ ಇತ್ತು."

ಮೇಸ್ತ್ರಿ ಬೆವರು ಒರೆಸಿಕೊಂಡ.

"ಇವನೂ ಅಲ್ಲ. ಬಾಣಗಳನ್ನೆಲ್ಲ ಒಂದೇ ದಿಕ್ಕಿಗಿಟ್ಟು ಹಾಸೋದು ಕಸುಬು ಗೊತ್ತಿದ್ದವರ ರೂಢಿ. ತಿರುಗಿದ್ರೆ ಬಣ್ಣ ಬೇರೆಯಾಗಿ ಕಾಣುತ್ತೆ. ಯಾರೋ ಚೌಕಗಳನ್ನ ಕಿತ್ತು, ಗೋಂದು ಹಚ್ಚಿ, ಹೇಗೆ ಬಂತೋ ಹಾಗೆ ಇಟ್ಟಿದ್ದಾರೆ. ಹಗೆಯವರಾಗಿದ್ರೆ ಯಜಮಾನರ ಕುರ್ಚಿ ಅಡಿಗೂ ಸುರೀತಿದ್ರು. ಬೆರಳಲ್ಲಿ ತಳ್ಳೋ ಕುರ್ಚಿ, ಆದ್ರೂ ಮುಟ್ಟಿಲ್ಲ. ಆ ಕುರ್ಚಿ ಮುಟ್ಟೋಕೂ ಹೆದರೋವಷ್ಟು ಭಯಭಕ್ತಿ ಇಲ್ಲಿ ಯಾರಿಗಿದೆ?"

ದೊಡ್ಡಮ್ಮ ಭಾಮೈದನ ಕಡೆ ತಿರುಗಿದರು.

"ಕಾರ್ಪೆಟ್ ವಿಷಯ ಗಟ್ಟಿ ಮಾಡ್ಕೊಳ್ಳಿ, ಎಲ್ಲೂ ಸಡಿಲ ಬಿಡಬೇಡಿ ಅಂತ ಫೋನ್ ಬಂದಿದ್ದು ಯಾರಿಗಪ್ಪಾ?"

ಭಾಮೈದ ಒಂದು ಹೆಜ್ಜೆ ಮುಂದೆ ಬಂದ. "ನನಗೇ. ಹೇಳಿದ ಹಾಗೇ ಗಟ್ಟಿ ಮಾಡಿದೆ. ರಜಾದಿನ ಪೂರ್ತಿ ಮಂಡಿಯೂರಿ ಅಂಟಿಸಿದೆ. ಭಾವ ಖುಷಿಪಡ್ತಾರೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಅವರ ಕೂಗಾಟ ಕೇಳಿ ಬಾಯೇ ಬರಲಿಲ್ಲ."

"ಅಯ್ಯೋ ನಿನ್ನ ಬುದ್ಧಿಗಿಷ್ಟು!" ಯಜಮಾನರು ತಲೆ ಚಚ್ಚಿಕೊಂಡರು.

ಅಧಿಕಾರಿ ಎದ್ದು ನಿಂತರು. "ಸಹಿ ಹಾಕಿದಾಗ ಬಿಡಿಯಾಗಿತ್ತು, ಒಪ್ಪಿದೆ. ಇವರ ಮೇಲೆ ನನ್ನ ದೂರಿಲ್ಲ. ಆ ವರ್ಷದ ರಿಯಾಯಿತಿಗೂ ಅಡ್ಡಿಯಿಲ್ಲ."

ಆಡಿಟರಮ್ಮ ಹೋದ ಉಸಿರು ಬಂದಂತೆ ಕೂತರು. ಇನ್ನಾದರೂ ಯಜಮಾನರು ತಪ್ಪಾಯಿತು ಅನ್ನುತ್ತಾರೆಂದು ವಕೀಲ ಕಾದ. ಬೆಳಗಿನಿಂದ ಆ ಹೆಣ್ಣುಮಗಳಿಗೆ ಬಾಯಿಗೆ ಬಂದದ್ದು ಅಂದಿದ್ದವರು ಈಗ ಮುಖ ಅರಳಿಸಿ ಅವರತ್ತಲೇ ತಿರುಗಿದರು.

"ಹಾಗಾದ್ರೆ ಮೇಡಂ, ಕಿಟಕಿ ಪರದೆಗಳಿಗೂ ರಿಯಾಯಿತಿ ಕೇಳಬಹುದಾ?"

ಆಡಿಟರಮ್ಮ ಬ್ಯಾಗು ಹೆಗಲಿಗೇರಿಸಿಕೊಂಡರು. "ಕೇಳಬಹುದು. ಯಾರಾದ್ರೂ ಸಹಿ ಹಾಕೋರು ಸಿಕ್ಕಿದ್ರೆ."